ಭಾಷಾ ಕೂಡಿಸಿದ್ರ ಒಂದು ಹಿಡಿ ಉಣ್ಣಿ

ನ್ಯಾಲ್ಕಲ್. ಫಸಲಿ ೧೩೪೮, ಕಾರ್ತೀಕ ಶುದ್ಧ ಬಿದಗಿ, ಮಂಗಳವಾರ

ಈ ವಹಿ ನನ್ನ ಮಗ ಹಣಮಂತರಾಯ ತಾಂಡೂರದಿಂದ ತಂದುಕೊಟ್ಟಿದ್ದು. ಅಲ್ಲಿ ಕಲ್ಲಿನ ಖಣಿಯೊಳಗ ಮುಕಾದಮ ಇದ್ದ. "ಅವ್ವಾ, ನಿನಗ ಅಕ್ಷರ ಬರ್ತಾವ, ಏನರೆ ಬರೀತಿರು" ಅಂದಿದ್ದ. ಕುರಿ ಕಾಯೋರ ಮನಿ ಮುದುಕಿ ಏನು ಬರೀಬೇಕು ಅಂತ ಜ್ವಾಳದ ಚೀಲದ ಮ್ಯಾಲ ಒಗದಿದ್ದೆ. ಅಂವ ಜ್ವರ ಬಂದು ಹೋಗಿ ಒಂದೂವರಿ ವರ್ಷ ಆತು. ಇವತ್ತು ಧೂಳ ಝಾಡಿಸಿ ತೆಗದೀನಿ. ಯಾಕಂದ್ರ ನನಗ ಭಾಳ ಸಿಟ್ಟು ಬಂದದ, ಮತ್ತ ಈ ಸಿಟ್ಟು ಓಣ್ಯಾಗ ಹೇಳಿಕೊಳ್ಳೋ ಹಂಗಿಲ್ಲ.

ನಿನ್ನಿ ಪಾಡ್ಯಕ್ಕ ಕಾಶಿರಾಮ ಬಂದಿದ್ದ. ನನ್ನ ಸೊಸಿ ಅಣ್ಣ, ಕಂಗ್ಟಿ ಆಚಿ ಕಡಿ ಮರಾಠಿ ಊರಿನವ. ಹೋಳಿಗಿ ಉಂಡ, ಕೈ ತೊಳಕೊಂಡ, ಆಮ್ಯಾಲ ಹೇಳ್ತಾನ, ತಂಗಿನೂ ಇಬ್ಬರು ಹುಡಗೇರನೂ ತನ್ನ ಊರಿಗಿ ಕರಕೊಂಡು ಹೋಗ್ತಾನಂತ, ಕಾಯಂ. ಇಲ್ಲಿ ಗಂಡು ದಿಕ್ಕಿಲ್ಲ ಅಂತ, ಅಲ್ಲಿ ಹೊಲ ಅದ, ಮಗ್ಗ ಅದ, ತಾ ಅದಾನ ಅಂತ. ನನ್ನ ಮೈದುನ ಪೀರಪ್ಪ ವರ್ಷದಾಗ ಎಂಟು ತಿಂಗಳು ಕುರಿ ಹಿಂದ ಅಡವ್ಯಾಗ ಇರ್ತಾನ, ಅದು ಖರೆ. ಆದ್ರ ನಾ ಇಲ್ಲೇನು? ನನ್ನ ಕೈಯಾಗ ಹಿಟ್ಟಿನ ಪರಾತ ಇತ್ತು, ಹಿಟ್ಟು ಚೆಲ್ತದಂತ ಅವನ ತಲಿ ಉಳೀತು.

ಸೊಸಿ ತಲಿ ತೆಳಗ ಹಾಕಿ ಉಣ್ಣಿ ಹಿಂಜತಾ ಕುಂತಿದ್ಳು. ಅಕಿ ಹೆಸರು ಉಮಾಬಾಯಿ. ಒಮ್ಮೆ ಬರದೀನಿ, ಸಾಕು.

ಹುಡಗೇರು ನನ್ನ ಮಗನವು. ದೊಡ್ಡಾಕಿ ಲಕ್ಷ್ಮಿ, ಎಂಟು ವರ್ಷ. ಸಣ್ಣಾಕಿ ಭೀಮವ್ವ, ನಾಲ್ಕು. ಲಕ್ಷ್ಮಿಗಿ ನಾಲ್ಕು ಭಾಷಾ ಬರ್ತಾವ. ನನ್ನ ಜೋಡಿ ಕನ್ನಡ, ಅವರವ್ವನ ಜೋಡಿ ಮರಾಠಿ, ಬಾಜೂ ಮನಿ ಸಾಯಮ್ಮನ ಜೋಡಿ ತೆಲುಗು, ಬಳಿ ಮಾರೋ ಹುಸೇನಬಿ ಜೋಡಿ ಉರ್ದು. ಇದು ತಾನಾಗೇ ಆಗಿದ್ದಲ್ಲ, ನಾ ಮಾಡಿದ್ದು. ನಮ್ಮ ಮನಿ ನೇಮ ಒಂದೇ: ಕೇಳಿದವರ ಭಾಷಾದಾಗೇ ಜವಾಬು ಕೊಡಬೇಕು, ಒಂದರಾಗ ಇನ್ನೊಂದು ಕೂಡಿಸಬಾರದು. ಕೂಡಿಸಿದ್ರ ಒಂದು ಹಿಡಿ ಉಣ್ಣಿ ಹಿಂಜಬೇಕು. ಕರಿ ಉಣ್ಣಿ ಒಂದು ಬುಟ್ಟ್ಯಾಗ, ಬಿಳಿ ಉಣ್ಣಿ ಒಂದು ಬುಟ್ಟ್ಯಾಗ ಇಡ್ತೀವಿ, ಭಾಷಾನೂ ಹಂಗೇ ಇಡಬೇಕು.

ಯಾಕಂದ್ರ ನನ್ನ ಗಂಡಗ ಕನ್ನಡ ಬಿಟ್ಟರ ಏನೂ ಬರ್ತಿದ್ದಿಲ್ಲ. ಒಮ್ಮೆ ಕಚೇರ್ಯಾಗ ಯಾರೋ ಉರ್ದುದಾಗ ಏನೋ ಕೇಳಿದ್ರು, ಇಂವ ಮರ್ಯಾದಿಗಿ ತಲಿ ಆಡಿಸಿ ಬಂದ. ಮನಿಗಿ ಬಂದು ವಾರ ಆದ ಮ್ಯಾಲ ತಿಳೀತು, ಹಳ್ಳದ ದಂಡಿಗಿ ಕುರಿ ಮೇಯೋ ಜಾಗ ಬಿಟ್ಟುಕೊಡ್ತೀನಿ ಅಂತ ತಲಿ ಆಡಿಸ್ಯಾನ. ಸಾಯೋತನಕ ಅದೇ ಕೊರಗಿನ್ಯಾಗಿದ್ದ. ತಿಳೀಲಾರದ ಮಾತಿಗಿ ತಲಿ ಆಡಿಸೋ ಮಂದಿ ನನ್ನ ಮನ್ಯಾಗ ಮತ್ತ ಹುಟ್ಟಬಾರದು ಅಂತ ಅವತ್ತೇ ಆಣಿ ಮಾಡೀನಿ.

ಕಾಶಿರಾಮನ ಊರಾಗ ಬರೇ ಮರಾಠಿ. ಅಲ್ಲಿ ಹೋದ್ರ ಹುಡಗೇರ ಮೂರು ಭಾಷಾ ಒಣಗಿ ಹೋಗ್ತಾವ. ನಾ ಕಳಿಸಂಗಿಲ್ಲ. ಈ ವಹಿಯಾಗ ಬರೇ ಕನ್ನಡ ಬರೀತೀನಿ, ನೇಮ ಅಂದ್ರ ನೇಮ.

ಕಾರ್ತೀಕ ಶುದ್ಧ ಅಷ್ಟಮಿ, ಸೋಮವಾರ

ಭೀಮಿ ಇವತ್ತು ಇಡೀ ಓಣಿ ನಗಿಸಿದ್ಳು. ಸಾಯಮ್ಮ ಆಕಳ ಹಾಲು ಕಾಸಿ ವಾಟಿ ಹಿಡದು "ಪಾಲು ತಾಗು ಬಿಡ್ಡಾ" ಅಂದ್ಳು. ತೆಲುಗಿನ್ಯಾಗ ಪಾಲು ಅಂದ್ರ ಹಾಲು, ತಾಗು ಅಂದ್ರ ಕುಡಿ. ಮರಾಠಿನ್ಯಾಗ ಪಾಲ ಅಂದ್ರ ಹಲ್ಲಿ. ಮುಂಜಾನಿ ಅವರವ್ವ ಗ್ವಾಡಿ ಮ್ಯಾಲಿನ ಹಲ್ಲಿ ತೋರಿಸಿ ಅದೇ ಮಾತು ಕಲಿಸಿದ್ಳಂತ. ಹುಡುಗಿ ಚೀರಿದ ಚೀರಾಟಕ್ಕ ಕೋಳಿ ಗಿಡ ಏರಿದ್ವು. ಓಡಿ ಬಂದು ನನ್ನ ಸೀರಿ ಹಿಡದು "ಆಯೀ, ಮಲಾ ಪಾಲು ಬ್ಯಾಡ" ಅಂದ್ಳು. ಮಲಾ ಅನ್ನೋದು ಮರಾಠಿ, ಪಾಲು ತೆಲುಗು, ಬ್ಯಾಡ ಕನ್ನಡ. ಮೂರು ಮಾತಿಗಿ ಮೂರು ಊರು. ಅಳೋ ಕೂಸಿಗಿ ಒಂದು ಹಿಡಿ ಉಣ್ಣಿ ಕೊಟ್ಟು ಕೂಡಿಸಿದೆ. ಹಿಂಜಿದ್ದು ಕಮ್ಮಿ, ಮೂಗು ಒರಸಿಕೊಂಡಿದ್ದು ಜಾಸ್ತಿ.

ನಮ್ಮ ಮನ್ಯಾಗ ಇನ್ನೊಂದು ತ್ರಾಸದ. ನಮ್ಮ ಕನ್ನಡದಾಗ ಆಯಿ ಅಂದ್ರ ಅಪ್ಪನ ಅವ್ವ, ಅಂದ್ರ ನಾ. ಮರಾಠಿನ್ಯಾಗ ಆಯಿ ಅಂದ್ರ ಹಡದವ್ವ, ಅಂದ್ರ ಅಕಿ. ಹುಡಗೇರು ಅಂಗಳದಾಗಿಂದ "ಆಯೀ" ಅಂತ ಕೂಗಿದ್ರ ನಾವಿಬ್ಬರೂ ಒಮ್ಮೆಗೇ "ಓ" ಅಂತೀವಿ, ಆಮ್ಯಾಲ ಇಬ್ಬರೂ ಮಾರಿ ತಿರುವತೀವಿ. ಲಕ್ಷ್ಮಿಗಿ ನಾನೇ ಕೂಡಿಸಿಕೊಂಡು ಕಲಿಸೀನಿ: ಕನ್ನಡದಾಗ ಅವರವ್ವ ಅವ್ವ, ನಾ ಆಯಿ, ಮರಾಠಿನ್ಯಾಗ ಅವರವ್ವ ಆಯಿ, ನಾ ಆಜಿ. ಲಕ್ಷ್ಮಿ ಇಲ್ಲೀತನಕ ಒಮ್ಮೆನೂ ತಪ್ಪಿಲ್ಲ. ಆಣಿ ಮಾಡಿ ಹೇಳ್ತೀನಿ, ಒಮ್ಮೆನೂ ಇಲ್ಲ.

ಸೊಸಿಗೂ ನನಗೂ ಮಾತು ನಡಿಯೋದು ಹಿಂಗ: ನಾ ಕನ್ನಡದಾಗ ಬೈತೀನಿ, ಅಕಿ ಮರಾಠಿನ್ಯಾಗ ತಿರುಗಿ ಅಂತಾಳ. ಇಬ್ಬರಿಗೂ ಪೂರಾ ತಿಳೀತದ. ಒಂಬತ್ತು ವರ್ಷದಾಗ ಅಕಿ ಬಾಯಾಗ ಒಂದು ಕನ್ನಡ ಮಾತು ಬಂದಿಲ್ಲ. ಮದುವಿಯಾಗಿ ಬಂದ ಹೊಸದಾಗಿ ಒಮ್ಮೆ ಬಂದಿತ್ತೋ ಏನೋ. ಮಂದಿ ಮುಂದ "ಉಂಡೇನವಾ" ಅಂತ ಕೇಳಿದ್ರ "ನಾಯ್, ಊಟ" ಅಂದಿದ್ಳು. ಅವರ ಕಡಿ ನಾಯ್ ಅಂದ್ರ ಇಲ್ಲ. ನಮ್ಮ ಕಡಿ ನಾಯಿ ಅಂದ್ರ ನಾಯಿ. ನಾ ಹೊಟ್ಟಿ ಹಿಡಕೊಂಡು ನಕ್ಕಿದ್ದೆ, ನಾ ನಕ್ಕಿದ್ದು ನೋಡಿ ಇಡೀ ಓಣಿ ನಕ್ಕಿತ್ತು. ಈಗ ನೆನಸಿದ್ರೂ ನಗು ಬರ್ತದ.

ಕಾರ್ತೀಕ ಬಹುಳ ತದಗಿ, ಗುರುವಾರ

ಹುಸೇನಬಿ ಬಂದಿದ್ಳು. ಕೊಹೀರದ ಸಂತಿಯಿಂದ ಹಸರ ಬಳಿ ತಂದಿದ್ಳು. ಭೀಮಿ ಕೈ ಹಿಂದ ಮುಚ್ಚಿಕೊಂಡು "ನಕ್ಕೋ" ಅಂದ್ಳು, ಬ್ಯಾಡ ಅಂತ. ನಾ ಉಣ್ಣಿ ಬುಟ್ಟಿಗಿ ಕೈ ಹಾಕಿದೆ, ಉರ್ದುದಾಗ ಮಾತು ನಡದಾಗ ಇಕಿ ಮರಾಠಿ ಕೂಡಿಸಿದ್ಳು ಅಂತ. ಹುಸೇನಬಿ ತಡದಳು. ನಕ್ಕೋ ತಮ್ಮದಂತ, ತಮ್ಮ ಅಮ್ಮಾಜಾನ್ ಹಂಗೇ ಅಂತಿದ್ಳಂತ. ಒಳಗಿಂದ ಸೊಸಿ ಮರಾಠಿನ್ಯಾಗ ಅಂದ್ಳು, ನಕೋ ತಮ್ಮದು ಅಂತ. ಇಬ್ಬರೂ ಒಂದು ಮಾತಿಗಿ ಜಗ್ಗ್ಯಾಡಿದ್ರು. ಯಾರದಂತ ನನಗೂ ತಿಳೀಲಿಲ್ಲ, ಭೀಮಿ ಶಿಕ್ಷಾ ತಪ್ಪಿಸಿಕೊಂಡಳು.

ಅಷ್ಟಕ್ಕೇ ಮುಗೀಲಿಲ್ಲ. ಲಕ್ಷ್ಮಿ ಕೇಳ್ತಾಳ, "ಆಯಿ, ಜವಾಬು ಅಂತ ದಿನಾ ಅಂತಿ, ಅದು ಯಾವ ಭಾಷಾ?" ಕನ್ನಡ ಅಂದೆ. ಹುಸೇನಬಿ ಬಳಿ ಮಲಾರ ಅಲುಗಾಡೋ ಹಂಗ ನಕ್ಕಳು. ಅದೂ ತಮ್ಮದಂತ. ಲಕ್ಷ್ಮಿ ಸುಮ್ಮನ ಎದ್ದು ಒಂದು ಹಿಡಿ ಉಣ್ಣಿ ತಂದು ನನ್ನ ತೊಡಿ ಮ್ಯಾಲ ಇಟ್ಟಳು. ಬೈದು ಕಳಿಸಿದೆ. ನೇಮ ಕಲಿಯೋರಿಗಿ ಇರ್ತದ, ಕಲಿಸೋರಿಗಿ ಇರಂಗಿಲ್ಲ.

ಈ ವಹಿ ಹಿಂದಿನ ಹಾಳಿ ತಿರುವಿ ನೋಡಿದೆ. ಕಾಯಂ ಅಂತ ಬರದೀನಿ, ತ್ರಾಸ ಅಂತ ಬರದೀನಿ. ಅವು ಕನ್ನಡನೇ. ನಮ್ಮಪ್ಪ ಅಂತಿದ್ದ.

ಛಟ್ಟಿ ಅಮಾಸಿ, ಮಂಗಳವಾರ

ಕಾಶಿರಾಮ ದೈವಕ್ಕ, ಅಂದ್ರ ಕುಲದ ಪಂಚರಿಗಿ, ಹೇಳಿ ಕಳಿಸ್ಯಾನ. ಎರಡೂ ಕಡಿ ಕುಲದ ಹಿರ್ಯಾರು ಕೂಡಿ ಹುಡಗೇರು ಯಾರ ಬಲ್ಲಿ ಇರಬೇಕಂತ ತೀರ್ಮಾನ ಮಾಡಬೇಕಂತ. ಮಾಡ್ಲಿ. ನಾ ಏನು ಕದ್ದೀನಾ?

ಮಾರ್ಗಶಿರ ಶುದ್ಧ ದಶಮಿ, ಶುಕ್ರವಾರ

ಶಂಕ್ರೆಪ್ಪ ಮನಿಗಿ ಬಂದಿದ್ದ. ನಮ್ಮ ಕಡಿ ಕುರುಬರಿಗಿ ಅವನೇ ಹಿರ್ಯಾ, ಅವನ ಮಾತು ಕೊನೀ ಮಾತು. ಪುಷ್ಯದಾಗ ನಾರಾಯಣಖೇಡದ ಹೊರಗಿನ ಮಾಳಿಂಗರಾಯನ ಗುಡಿ ಮುಂದ ಕೂಡೋದಂತ. ಹಿರ್ಯಾರು ತಮ್ಮ ತಮ್ಮೊಳಗ ಮಾತಾಡಿ ಒಂದು ದಾರಿ ಹುಡುಕ್ಯಾರ: ದೊಡ್ಡ ಹುಡುಗಿ ಕೈಯಾಗ ದೇವರ ಭಂಡಾರ, ಅಂದ್ರ ಗುಡಿ ಅರಿಷಿಣ ಪುಡಿ, ಹಾಕಿ ಕೇಳೋದು. ಅಕಿ ಯಾರ ಹೆಸರು ಹೇಳ್ತಾಳೋ ಇಬ್ಬರು ಹುಡಗೇರೂ ಅವರ ಬಲ್ಲಿ. ಭಂಡಾರ ಹಿಡದು ಆಡಿದ ಮಾತು ಎರಡನೇ ಸರ್ತಿ ಕೇಳಂಗಿಲ್ಲ, ಅದು ನಮ್ಮ ಹಿರ್ಯಾರ ಕಾಲದಿಂದ ಬಂದದ್ದು.

ಆಮ್ಯಾಲ ಶಂಕ್ರೆಪ್ಪ ಸ್ವಲ್ಪ ಅಳುಕಿಲೆ ಅಂದ, ಕಾಶಿರಾಮಂದು ಒಂದು ತಕರಾರದ, ಹುಡುಗಿಗಿ ಮರಾಠಿನ್ಯಾಗ ಕೇಳಬೇಕಂತಾನ, ಕಂಗ್ಟಿ ಕಡಿ ಹಿರ್ಯಾ ಶಿವರಾಯ ಕೇಳ್ತಾನ, ನಿನಗ ಒಪ್ಪಿಗಿ ಏನು ಅಂತ. ನಾ ನಕ್ಕೆ. ಮರಾಠ್ಯಾಗರೆ ಕೇಳ್ಲಿ, ಉರ್ದುದಾಗರೆ ಕೇಳ್ಲಿ, ನನ್ನ ಮೊಮ್ಮಗಳಿಗಿ ಎಲ್ಲಾ ಒಂದೇ, ಬೇಕಾದ್ರ ಹುಸೇನಬಿ ಕರಕೊಂಡು ಹೋಗ್ರಿ ಅಂದೆ. ಶಂಕ್ರೆಪ್ಪಗ ಧೈರ್ಯ ಬಂತು. ಚಹಾ ಕುಡದು ಹೋದ.

ಲಕ್ಷ್ಮಿಗಿ ಏನೂ ಹೇಳಿಕೊಡಂಗಿಲ್ಲ. ಹೇಳಿಕೊಡೋ ಜರೂರೂ ಇಲ್ಲ. ಹುಟ್ಟಿದ ಹನ್ನೆರಡನೇ ದಿನದಿಂದ ನನ್ನ ತೊಡಿ ಮ್ಯಾಲ ಬೆಳದಾಕಿ.

ಮಾರ್ಗಶಿರ ಬಹುಳ ಪಂಚಮಿ

ಇವತ್ತು ಹಿತ್ತಲ ಬಾಗಲದಾಗ ನಿಂತು ಒಂದು ಕೇಳಿದೆ. ಕದ್ದು ಅಲ್ಲ, ಕಾಲಾಗ ಮುಳ್ಳು ಚುಚ್ಚಿತ್ತು, ನಿಂತಿದ್ದೆ.

ಸೊಸಿ ಭೀಮಿಗಿ ಎಣ್ಣಿ ಹಚ್ಚಿ ಎರೀತಿದ್ಳು. ಎರಿತಾ ಎರಿತಾ ಕಲಸ್ತಾಳ, ಇದು ಮೊಣಕೈ, ಇದು ಮೊಣಕಾಲು, ಇದು ನೆತ್ತಿ. ಕನ್ನಡದಾಗ. ನನ್ನಂಗೇ, ನ್ಯಾಲ್ಕಲದವರಂಗೇ. ಭೀಮಿ ನೆತ್ತಿಗಿ ನತ್ತಿ ಅಂದ್ಳು, ಅಕಿ ತಿದ್ದಿದ್ಳು. ನನ್ನ ಮುಂದ ಒಂಬತ್ತು ವರ್ಷ ಬಾಯಿ ಬಿಡಲಿಲ್ಲ, ಹಿತ್ತಲದಾಗ ಕನ್ನಡ ಸಾಲಿ ನಡಸ್ಯಾಳ.

ಲಕ್ಷ್ಮಿನ ಹಿಡದು ಕೇಳಿದೆ, ನಿಮ್ಮವ್ವ ನನ್ನ ಮುಂದ ಯಾಕ ಕನ್ನಡ ಮಾತಾಡಂಗಿಲ್ಲ ಅಂತ. "ನೀ ನಗ್ತಿ ಅಂತ" ಅಂದ್ಳು. ಅಂದು ಗೋಟಿ ಆಡಾಕ ಓಡಿ ಹೋದ್ಳು.

ನಾ ಎಂದ ನಕ್ಕೀನಿ?

ನಾಯಿ ಮಾತು ನೆನಪಾತು. ಒಂಬತ್ತು ವರ್ಷದ ಮಾತು, ಇನ್ನಾ ಇಟ್ಟುಕೊಂಡಾಳಂದ್ರ ಅದು ಅಕಿ ತಪ್ಪು. ಮಂದಿ ನಗ್ತಾರ, ಬಿಡಬೇಕು.

ಮುಳ್ಳು ಉಮಾಬಾಯಿನೇ ತೆಗದಳು. ನಾ ಕರದಿದ್ದಿಲ್ಲ.

ಎಳ್ಳಮಾಸಿ, ಬುಧವಾರ

ಹೊಲಕ್ಕ ಹೋಗಿ ಭೂಮಿತಾಯಿಗಿ ಚರಗ ಚೆಲ್ಲಿ ಬಂದಿವಿ. ಜ್ವಾಳ ಈ ವರ್ಷ ಎದಿಮಟ ಬಂದದ. ಸಜ್ಜಿ ರೊಟ್ಟಿ, ಭಜ್ಜಿ, ಅಂಬಲಿ, ಎಣಗಾಯಿ, ಶೇಂಗಾದ ಹೋಳಿಗಿ ಎಲ್ಲಾ ಮಾಡಿದ್ವಿ. ಲಕ್ಷ್ಮಿಗಿ ಎರಡು ಹೋಳಿಗಿ ಜಾಸ್ತಿ ಹಾಕಿದೆ. ಲಂಚ ಅಲ್ಲ, ಹಬ್ಬ. ನೋಡಿದ್ರ ಆಚಿ ಕಡಿಯಿಂದ ಉಮಾಬಾಯಿನೂ ಎರಡು ಹಾಕ್ಯಾಳ. ಎತ್ತು ಏರಿಗಿ ಎಳದ್ರ ಕ್ವಾಣ ನೀರಿಗಿ ಎಳೀತಂತ, ನಡುವ ಹುಡುಗಿ ಹೊಟ್ಟಿ ಕೆಟ್ಟಿತು.

ಪೀರಪ್ಪನೂ ಕುರಿ ಬಿಟ್ಟು ಹಬ್ಬಕ್ಕ ಬಂದಿದ್ದ. ಉಂಡು ಬನ್ನಿ ಗಿಡದ ತೆಳಗ ಕುಂತಾಗ ಮೆಲ್ಲಕ ಕೇಳಿದ, "ಅತ್ತಿಗಿ, ಹುಡಗೇರು ಹೋದ್ರ ಏನು ಮಾಡ್ತಿ?" ಹೋಗಂಗಿಲ್ಲ ಅಂದೆ. ಹೋದ್ರ ಅಂತ ಮತ್ತ ಕೇಳಿದ. ಅವರ ಮೂರು ಭಾಷಾ ಒಣಗ್ತಾವ, ಅದೊಂದೇ ಚಿಂತಿ ನನಗ ಅಂದೆ. ಅಂವ ನನ್ನ ಮಾರಿ ನೋಡಿ ಎಲಿಅಡಕಿ ಬಾಯಿಗಿ ಹಾಕಿಕೊಂಡ. ಅಂವ ಹಂಗೇ, ಕುರಿ ಜೋಡಿ ಇದ್ದೂ ಇದ್ದೂ ಮಾತು ಕಮ್ಮಿ ಆಗ್ಯಾವ.

ಶಿಕ್ಷಾಕ್ಕ ಹುಡಗೇರು ಹಿಂಜಿದ ಉಣ್ಣಿ ಒಂದು ದೊಡ್ಡ ಗಂಟು ಆಗಿತ್ತು. ಭೀಮಿ ಕರಿದೂ ಬಿಳಿದೂ ಕೂಡಿಸಿಬಿಟ್ಟಾಳ. ಬ್ಯಾರೆ ಮಾಡಾಕ ಕುಂತೆ, ಆಗಲಿಲ್ಲ. ಹಂಗೇ ನೂತು ಪೀರಪ್ಪಗ ಕೊಟ್ಟೀನಿ, ಒಂದು ಸಣ್ಣ ಕಂಬಳಿ ನೇಯ್ದು ತಾ ಅಂತ. ಥಂಡಿ ಭಾಳ ಅದ, ಬಣ್ಣ ಯಾರು ನೋಡ್ತಾರ.

ಪುಷ್ಯ ಶುದ್ಧ ಏಕಾದಶಿ, ಐತವಾರ

ಎಲ್ಲಾ ಬರೀತೀನಿ. ಒಂದೂ ಬಿಡಂಗಿಲ್ಲ.

ನಸುಕಿನ್ಯಾಗ ಬಂಡಿ ಕಟ್ಟಿ ನಾರಾಯಣಖೇಡ ಮುಟ್ಟಿದಾಗ ಬಿಸಲು ಏರಿತ್ತು. ಗುಡಿ ಮುಂದಿನ ಬೇವಿನ ಗಿಡದ ತೆಳಗ ಒಂದು ಬಾಜೂ ನಮ್ಮವರು, ಒಂದು ಬಾಜೂ ಕಂಗ್ಟಿ ಕಡಿಯವರು. ನಡುವ ಶಂಕ್ರೆಪ್ಪ. ಮದಲ ಕಾಶಿರಾಮ ಮಾತಾಡಿದ, ಆಮ್ಯಾಲ ನಾ ಮಾತಾಡಿದೆ. ಛಂದ ಮಾತಾಡಿದೆ ಅಂತ ಎಲ್ಲಾರೂ ಅಂದ್ರು. ಉಮಾಬಾಯಿಗಿ ಯಾರೂ ಕೇಳಲಿಲ್ಲ.

ಪೂಜಾರಿ ಲಕ್ಷ್ಮಿ ಬೊಗಸ್ಯಾಗ ಭಂಡಾರ ಹಾಕಿದ. ಅಕಿ ಕೈ ತುಂಬ ಅರಿಷಿಣ. ಶಿವರಾಯ ಮುದುಕ ಮನಷ್ಯಾ, ಬಗ್ಗಿ ಮೆಲ್ಲಕ ಕೇಳಿದ, "ಬಾಳ, ತುಲಾ ಕುಣಾಪಾಶಿ ರಾಹಾಯಚಂ?" ಯಾರ ಬಲ್ಲಿ ಇರ್ತಿ ಅಂತ.

ಹುಡುಗಿ ನನ್ನ ನೋಡಿದ್ಳು. ಅವರವ್ವನ ನೋಡಿದ್ಳು. ಆಮ್ಯಾಲ ಕೈಯಾಗಿನ ಭಂಡಾರ ನೋಡಿ ಒಂದೇ ಮಾತು ಅಂದ್ಳು.

"ಆಯಿ."

ನಮ್ಮವರು ಟಾವೆಲ್ ಹಾರಿಸಿದ್ರು. ಆಯಿ ಅಂದ್ಳು, ನಮ್ಮ ಗುಂಡವ್ವನ ಬಲ್ಲಿ ಇರ್ತೀನಿ ಅಂದ್ಳು ಅಂತ. ಅದೇ ವ್ಯಾಳ್ಯಾಕ್ಕ ಕಾಶಿರಾಮ ಎದ್ದು ನಿಂತು, ಆಯಿ ಅಂದ್ಳು, ಹಡದ ತಾಯಿ ಬಲ್ಲಿ ಅಂದ್ಳು ಅಂತ. ಎರಡೂ ಕಡಿ ಗದ್ದಲ. ಯಾರೋ ಮತ್ತೊಮ್ಮೆ ಕೇಳ್ರಿ ಅಂದ್ರು. ಶಂಕ್ರೆಪ್ಪ ಕೋಲು ನೆಲಕ್ಕ ಬಡದ. ಭಂಡಾರದ ಮಾತು ಎರಡು ಸರ್ತಿ ಇಲ್ಲ ಅಂದ. ಪೂಜಾರಿ ಹುಡುಗಿ ಕೈಯಾಗಿನ ಭಂಡಾರ ಅಕಿ ಹಣಿಗಿ ಹಚ್ಚಿಬಿಟ್ಟ, ಅಲ್ಲಿಗಿ ಅಕಿ ಮಾತು ಮುಗೀತು.

ಶಂಕ್ರೆಪ್ಪ ನನ್ನ ಕಡಿ ತಿರುಗಿದ. "ಗುಂಡವ್ವಾ, ಹುಡುಗಿ ನಿನಗ ಏನಂತ ಕರೀತದ?" ಆಯಿ ಅಂತ, ಅಂದೆ. ಸುಳ್ಳಲ್ಲ. ದಿನಾ ನೂರು ಸರ್ತಿ ಕರೀತಾಳ. ಶಂಕ್ರೆಪ್ಪಗ ಜೀವ ಹಗರಾತು. ಇಡೀ ನ್ಯಾಲ್ಕಲಕ್ಕ ಗೊತ್ತಿರೋ ಮಾತದು ಅಂದ. ನನ್ನ ಕೈಯಾಗೂ ಒಂದು ಚಿಮಟಿ ಭಂಡಾರ ಹಾಕಿಸಿದ. ಹುಡುಗಿ ಅಂದಿದ್ದು ನಿನಗೇ ಹೌದಂತ ಒಮ್ಮೆ ತಲಿ ಆಡಸು, ಇಲ್ಲಿಗಿ ಮುಗೀತು ಅಂದ. ಬಾಯಿಲೆ ಹೇಳೋದೂ ಬ್ಯಾಡ ಅಂದ.

ನಾ ಉಮಾಬಾಯಿ ಕಡಿ ನೋಡಿದೆ. ಅಕಿ ಎದ್ದು ನಿಂತು, ನನಗ ಅಂದಿದ್ದು ಅಂತ ಹೇಳಬಹುದಿತ್ತು. ಬಾಯಿ ತೆರದಳು ಭೀ. ನ್ಯಾಲ್ಕಲದ ಮಂದಿ ಎಲ್ಲಾ ಕುಂತಿತ್ತು, ಅಂದು ನಕ್ಕ ಮಂದಿ. ಅಕಿ ಬಾಯಿ ಮುಚ್ಚಿ ಸೆರಗು ಹಲ್ಲಾಗ ಹಿಡಕೊಂಡಳು. ಅವತ್ತು ನಗಿಸಿದಾಕಿ ನಾ. ಇವತ್ತು ಅಕಿ ಹೊಟ್ಟಿ ಕೂಸು ಹೋಗೋ ಹೊತ್ತಿನ್ಯಾಗೂ ಅಕಿ ಬಾಯಿ ಏಳಲಿಲ್ಲ.

ಮತ್ತ ನನ್ನ ಗಂಡ ನೆನಪಾದ. ಕಚೇರ್ಯಾಗ ನಿಂತು ತಲಿ ಆಡಿಸ್ತಿರೋ ಅವನ ಮಾರಿ.

ತಲಿ ಆಡಿಸಲಿಲ್ಲ. ಬಾಯಿಲೇ ಹೇಳಿದೆ.

"ಶಿವರಾಯ ಕೇಳಿದ್ದು ಮರಾಠಿನ್ಯಾಗ. ಕೇಳಿದವರ ಭಾಷಾದಾಗೇ ಜವಾಬು ಕೊಡಬೇಕು, ಅದು ನನ್ನ ಮನಿ ನೇಮ. ಮರಾಠಿನ್ಯಾಗ ನಾ ಅಕಿಗಿ ಆಜಿ. ಆಯಿ ಅಂದ್ರ ಅಕಿ ಅವ್ವ. ನನ್ನ ಮೊಮ್ಮಗಳು ಭಾಷಾ ತಪ್ಪಂಗಿಲ್ಲ, ನಾ ಕಲಿಸೀನಿ."

ಶಂಕ್ರೆಪ್ಪ ಇನ್ನೊಮ್ಮೆ ವಿಚಾರ ಮಾಡು ಅಂದ. ಭಂಡಾರದ ಮಾತು ಎರಡು ಸರ್ತಿ ಇಲ್ಲ ಅಂತ ಈಗೇ ಅಂದ್ಯಲ್ಲ ಅಂದೆ. ಹುಡಗೇರು ತಾಯಿಗಿ ಅಂತ ತೀರ್ಮಾನ ಆತು. ಕಾಶಿರಾಮ ನನ್ನ ಮುಂದ ಬಂದು ಕೈ ಮುಗದ. ಅಂವ ಕೆಟ್ಟ ಮನಷ್ಯಾ ಅಲ್ಲ, ಸ್ವಲ್ಪ ಶಾಣ್ಯಾತನ ಕಮ್ಮಿ.

ತಿರುಗಿ ಬರೋಮುಂದ ಬಂಡ್ಯಾಗ ಭೀಮಿ ನನ್ನ ತೊಡಿ ಮ್ಯಾಲ ಮಲಗಿದ್ಳು, ಎಬ್ಬಿಸಬಾರದಂತ ಸದ್ದಿಲ್ಲದ ಅತ್ತೆ. ಭಾಷಾ ಒಣಗ್ತಾವ ಅಂತಿದ್ದೆನಲ್ಲ, ಅದು ಬರೇ ಸುಳ್ಳು. ನಾ ಒಣಗ್ತಿದ್ದೆ.

ಪುಷ್ಯ ಶುದ್ಧ ತ್ರಯೋದಶಿ, ಮಂಗಳವಾರ

ಗುರುವಾರ ಕಾಶಿರಾಮ ಬಂಡಿ ತರ್ತಾನ. ಗಂಟು ಕಟ್ಟೋದು ನಡದದ. ಯಾವ ಸೀರಿ ಯಾವ ಗಂಟಿನ್ಯಾಗ ಇಡಬೇಕಂತ ನಾನೇ ಹೇಳಲಾಕ ಹತ್ತೀನಿ, ಇಲ್ಲದಿದ್ರ ಉಮಾಬಾಯಿ ಹಸಿದು ಒಣಗಿದ್ದು ಕೂಡಿಸ್ತಾಳ.

ಮಧ್ಯಾನ ಲಕ್ಷ್ಮಿ ನನ್ನ ಬಾಜೂ ಬಂದು ಕುಂತಳು. ನಾ ತಡೀಲಾರದೆ ಅಂದೆ, ಹೋಗಿ ಶಾಣ್ಯಾಕಿ ಆಗಿರು, ಮರಾಠಿನ್ಯಾಗ ಸರಿಯಾದ ಜವಾಬು ಕೊಟ್ಟಿ, ಆಜಿ ಹೆಸರು ಉಳಿಸಿದಿ ಅಂತ. ಅಕಿ ಕಣ್ಣು ದೊಡ್ಡವು ಮಾಡಿ ನನ್ನ ನೋಡಿದ್ಳು.

"ಆಯಿ, ಮರಾಠಿನ್ಯಾಗೇ ಕೇಳ್ಲಿ ಅಂತ ನಾ ದೇವರಿಗಿ ಬೇಡಕೊಂಡಿದ್ದೆ. ಕನ್ನಡದಾಗ ಕೇಳಿದ್ರ ಒಬ್ಬರ ಹೆಸರು ಹೇಳಬೇಕಾಗ್ತಿತ್ತು. ಮರಾಠಿನ್ಯಾಗ ಆಯಿ ಅಂದ್ರ ಅವ್ವಗ ಅವ್ವ ಅಂತ ಕೇಳಸ್ತದ, ನಿನಗ ನೀ ಅಂತ ಕೇಳಸ್ತದ. ಇಬ್ಬರೂ ಬರ್ತೀರಿ ಅಂತ ಅಂದೆ."

ಇದು ನಾ ಕಲಿಸಿದ್ದಲ್ಲ. ನಾಲ್ಕು ಭಾಷಾ ನಾಲ್ಕು ಬುಟ್ಟ್ಯಾಗ ಇಟ್ಟು ಕೊಟ್ಟೆ, ಈ ಹುಡುಗಿ ಎರಡು ಬುಟ್ಟಿಗಿ ಒಮ್ಮೆಗೇ ಕೈ ಹಾಕಿ ಕುಂತದ. ಹಂಗಾದ್ರ ದೈವದ ಮುಂದ ನಾ ಹೇಳಿದ್ದು ಅರ್ಧ ಖರೆ. ಮಾಳಿಂಗರಾಯ ತಿಳಕೊಳ್ಳಲಿ, ಮುದುಕಿಗಿ ಗೊತ್ತಿದ್ದಿಲ್ಲ.

ಒಲಿ ಮುಂದ ಉಮಾಬಾಯಿ ಕುಂತಿದ್ಳು. ಎಲ್ಲಾ ಕೇಳ್ಯಾಳ. ಹಂಚಿನ ಮ್ಯಾಲಿನ ರೊಟ್ಟಿ ಕರ್ರಗಾದ್ರೂ ತಿರುವಿ ಹಾಕಲಿಲ್ಲ. ನಾನೇ ಎದ್ದು ತೆಗದೆ.

ಬನದ ಹುಣ್ಣಿವಿ, ಗುರುವಾರ

ಮುಂಜಾನಿ ಬಂಡಿ ಬಂತು. ಓಣಿ ಎಲ್ಲಾ ಕೂಡಿತ್ತು. ಸಾಯಮ್ಮ ಭೀಮಿಗಿ ಒಂದು ಗಡಗಿ ಬೆಣ್ಣಿ ಕೊಟ್ಟು, ಪಾಲು ತಾಗು ಬಿಡ್ಡಾ ಅಂತ ಅತ್ತಳು. ಭೀಮಿ "ತಾಗ್ತಾನು" ಅಂದ್ಳು, ಸರಿಯಾಗಿ. ನಾ ಬೂದಿ ಬಣ್ಣದ ಕಂಬಳಿ ತಂದು ಬಂಡ್ಯಾಗ ಹಾಸಿದೆ. ಪೀರಪ್ಪ ಛಂದ ನೇಯ್ದಾನ. ಕರಿ ಕಂಬಳಿಗಿಂತ ಛಂದ ಆಗ್ಯಾದ, ಯಾಕೋ ಏನೋ.

ಹುಡಗೇರು ಹತ್ತಿದ್ರು. ಗಂಟು ಹತ್ತಿದ್ವು. ಉಮಾ ಬಂದು ನನ್ನ ಕಾಲು ಮುಟ್ಟಿದ್ಳು. ನಾ ಎರಡು ದಿನದಿಂದ ಮನಸ್ಸಿನ್ಯಾಗ ತಿರುವಿ ತಿರುವಿ ಇಟ್ಟುಕೊಂಡ ಮಾತು ಅಂದೆ, "ನೀಟ ಜಾ, ಬಾಳ." ಹುಷಾರಿಲೆ ಹೋಗು ಮಗಾ ಅಂತ. ಒಂಬತ್ತು ವರ್ಷದಾಗ ನಾ ಅಕಿ ಜೋಡಿ ಆಡಿದ ಮದಲ ಮರಾಠಿ. ತಪ್ಪಾಗಿತ್ತೋ ಏನೋ, ಕಾಶಿರಾಮ ಮೀಸಿ ಒಳಗ ನಕ್ಕ. ಉಮಾ ನಗಲಿಲ್ಲ.

ಎದ್ದು ನಿಂತಳು. ಓಣಿ ಮಂದಿ ಎಲ್ಲಾ ನೋಡ್ತಿತ್ತು. ಮಾರಿ ಕೆಂಪಗಾತು, ಕೊರಳ ಶಿರಾ ಎದ್ದವು. ಕನ್ನಡದಾಗ ಅಂದ್ಳು.

"ಆಯಿ, ನೀವು ಬರಲಿಲ್ಲಂದ್ರ ನಾ ಹೋಗಂಗಿಲ್ಲರಿ."

ಯಾರೂ ನಗಲಿಲ್ಲ. ನಕ್ಕಿದ್ರ ಅವರ ಹಲ್ಲು ಕೈಯಾಗ ಕೊಡ್ತಿದ್ದೆ. ಮಾತು ಒಂದೂ ತಪ್ಪಿದ್ದಿಲ್ಲ. ಆದ್ರ ಕನ್ನಡದಾಗ ನಾ ಅಕಿಗಿ ಅತ್ತಿ, ಆಯಿ ಅಲ್ಲ. ಎಲ್ಲಾ ಕನ್ನಡ ಆಡಿ ಅದೊಂದು ಮಾತು ಮಾತ್ರ ಅಕಿ ತನ್ನ ಭಾಷಾದಾಗಿಂದ ತಂದಿದ್ಳು. ಅವರ ಭಾಷಾದಾಗ ಅದರ ಅರ್ಥ ಏನಂತ ನನಗ ಗೊತ್ತದ. ದೈವದ ಮುಂದ ನಾನೇ ಹೇಳಿ ಬಂದೀನಿ.

ಅತ್ತಿಗೊಂದು ಕಾಲ ಸೊಸಿಗೊಂದು ಕಾಲ ಅಂತಾರ, ಎರಡೂ ಒಮ್ಮೆಗೇ ಬಂದ್ರ ಏನು ಮಾಡಬೇಕಂತ ಯಾರೂ ಹೇಳಿಲ್ಲ.

ಬಂಡ್ಯಾಗಿಂದ ಲಕ್ಷ್ಮಿ ಅಂದ್ಳು, "ಅವ್ವ ಭಾಷಾ ಕೂಡಿಸಿದ್ಳು." ಚಂಗನೆ ಹಾರಿ ಒಳಗ ಹೋಗಿ ಒಂದು ಹಿಡಿ ಉಣ್ಣಿ ತಂದು ಅವರವ್ವನ ಕೈಯಾಗ ಇಟ್ಟಳು. ಭೀಮಿ ಕಂಬಳಿ ಮ್ಯಾಲ ನಿಂತು ನನ್ನ ಕಡಿ ಬೆರಳು ಮಾಡಿ "ಆಯಿ ಭೀ" ಅಂದ್ಳು, ಆಯಿನೂ ಕೂಡಿಸ್ಯಾಳ ಅಂತ. ಲಕ್ಷ್ಮಿ ಮತ್ತ ಒಳಗ ಹೋಗಿ ನನಗೂ ಒಂದು ಹಿಡಿ ತಂದಳು. ನೇಮ ಕಲಿಸೋರಿಗಿ ಇರಂಗಿಲ್ಲ ಅಂತ ಹೇಳಬೇಕಂದೆ. ಆದ್ರ ಕೈ ಆಗಲೇ ಮುಂದ ಹೋಗಿತ್ತು.

ಕಟ್ಟಿ ಮ್ಯಾಲ ಕುಂತೆ. ಉಮಾ ಬಾಜೂ ಕುಂತಳು. ಕಾಶಿರಾಮ ಸ್ವಲ್ಪ ಹೊತ್ತು ಹಗ್ಗ ಹಿಡದು ಬಂಡಿ ಮ್ಯಾಲೇ ಇದ್ದ. ಆಮ್ಯಾಲ ಇಳದ, ಎತ್ತಿನ ಕೊರಳು ಬಿಚ್ಚಿ ಗಿಡಕ್ಕ ಕಟ್ಟಿದ, ಮೇವು ಅದಯೇನು ಅಂತ ಕೇಳಿದ. ಕಣಕಿ ಹಿತ್ತಲದಾಗ ಅದ, ಹಾಕು ಅಂದೆ.

ಉಣ್ಣಿ ಒಳ್ಳೇದಿತ್ತು, ಲಗೂನ ಮುಗೀತಿತ್ತು. ನಾವಿಬ್ಬರೂ ಸಾವಕಾಶ ಹಿಂಜಿದಿವಿ.